ಓದುಗರ ಪ್ರಶ್ನೆ: ಜಯದೇವ ವೃತ್ತಕ್ಕೆ ಹೊರಡುವ ಮುನ್ನ

ಪ್ರಶ್ನೆ: ಜಗಳೂರು ಕಡೆಯಿಂದ ನಮ್ಮ ಕಾಲೇಜಿಗೆ ಬರುವವರಿಗೆ ಬೆಳಗಿನ ಬಸ್ಸು ಸಾಲುತ್ತಿಲ್ಲ. ಸುಮಾರು 150 ಜನ ಜಯದೇವ ವೃತ್ತದಿಂದ ಉಪವಿಭಾಗಾಧಿಕಾರಿ ಕಚೇರಿಗೆ ಮೆರವಣಿಗೆ ಹೋಗಬೇಕೆಂದಿದ್ದೇವೆ. ಏನೇನು ಸಿದ್ಧ ಮಾಡಿಕೊಳ್ಳಬೇಕು?
ಪದವಿ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಮೊದಲು ಮನವಿ ಪತ್ರ, ಆಮೇಲೆ ಮೈಕು. ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಬ್ಯಾನರ್ ನಾಲ್ಕು ದಿನ ಮೊದಲೇ ಸಿದ್ಧವಿರುತ್ತದೆ, ಮನವಿಯನ್ನು ಮಾತ್ರ ವೃತ್ತದಲ್ಲಿ ಗೆಳೆಯನ ಬೆನ್ನ ಮೇಲೆ ಹಾಳೆ ಇಟ್ಟು ಬರೆಯುತ್ತಾರೆ. ಅದರಲ್ಲಿ 'ಸೂಕ್ತ ಕ್ರಮ ಕೈಗೊಳ್ಳಬೇಕು' ಎಂದಿರುತ್ತದೆ. ಅಧಿಕಾರಿ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಒಂದು ವಾರ ನಿಲ್ದಾಣದಲ್ಲಿ ನಿಂತು ಲೆಕ್ಕ ಬರೆಯಿರಿ: ಬಸ್ಸು ಬಂದ ಹೊತ್ತು, ಕಾದವರೆಷ್ಟು, ಹತ್ತಲಾಗದೆ ಉಳಿದವರೆಷ್ಟು. ಬೇಡಿಕೆ ಒಂದೇ ಸಾಲಿನಲ್ಲಿರಲಿ, ಯಾವ ಊರಿನಿಂದ ಎಷ್ಟು ಗಂಟೆಗೆ ಇನ್ನೊಂದು ಬಸ್ಸು ಬೇಕು ಎಂದು. ಬಸ್ಸು ಬಿಡುವವರು ಕೆಎಸ್‌ಆರ್‌ಟಿಸಿಯ ವಿಭಾಗೀಯ ನಿಯಂತ್ರಣಾಧಿಕಾರಿ. ಆದ್ದರಿಂದ ಮನವಿ ಅವರ ಹೆಸರಿಗೆ, ಪ್ರತಿ ಉಪವಿಭಾಗಾಧಿಕಾರಿಗೆ. ನಿಮಗೊಂದು ಪ್ರತಿ ಹೆಚ್ಚಿಗೆ ಒಯ್ದು, ಅದರ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮುಂದಿನ ತಿಂಗಳು ಬಾಯಿ ಬಿಡಲು ನಿಮಗಿರುವ ಆಧಾರ ಆ ಮೊಹರೊಂದೇ.

ಆಯುಧವಿಲ್ಲದೆ ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19(1)(ಬಿ) ವಿಧಿಯಲ್ಲಿದೆ. ಆದರೆ ರಸ್ತೆಯ ಮೇಲಿನ ಮೆರವಣಿಗೆಯನ್ನು ನಿಯಂತ್ರಿಸುವ ಅಧಿಕಾರವನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೊಟ್ಟಿದೆ. ಆ ಸರಹದ್ದಿನ ಠಾಣೆಗೆ ನಾಲ್ಕೈದು ದಿನ ಮೊದಲೇ ಅರ್ಜಿ ಕೊಡಿ. ದಿನ, ಹೊರಡುವ ಮತ್ತು ಮುಗಿಸುವ ಹೊತ್ತು, ದಾರಿ, ಅಂದಾಜು ಜನ, ಹೊಣೆ ಹೊರುವ ಇಬ್ಬರ ಹೆಸರು ಮತ್ತು ಫೋನ್ ನಂಬರ್ ಇರಲಿ. 150 ಬರುತ್ತಾರೆಂದರೆ 150 ಎಂದೇ ಬರೆಯಿರಿ. ಜಂಬಕ್ಕೆ 500 ಎಂದು ಬರೆದು ಅನುಮತಿ ಕಳೆದುಕೊಳ್ಳಬೇಡಿ.

ಧ್ವನಿವರ್ಧಕಕ್ಕೆ ಬೇರೆಯದೇ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಾಲೆ ಕಾಲೇಜು, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎನಿಸಿಕೊಳ್ಳಬಹುದು. ಕಾಲೇಜು ಗೇಟಿನಲ್ಲಿ ಮೈಕು ಕಿತ್ತುಕೊಂಡರು ಎಂಬ ದೂರುಗಳ ಹಿಂದೆ ಹಲವು ಸಲ ಇದೇ ಇರುತ್ತದೆ. ಬ್ಯಾನರ್ ಬಟ್ಟೆಯದಾಗಿರಲಿ. ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ.

ನಡೆಯುವಾಗ ಇಬ್ಬಿಬ್ಬರ ಸಾಲು, ರಸ್ತೆಯ ಎಡಬದಿ, 20ರಿಂದ 25 ಜನಕ್ಕೊಬ್ಬ ಸ್ವಯಂಸೇವಕ. ಮುಂದೆ ಹೋಗುವವರು ಬಿರುಸಾಗಿ ನಡೆದರೆ ಸಾಲು ನಡುವೆ ಹರಿದು, ಹಿಂದಿನವರು ಓಡತೊಡಗುತ್ತಾರೆ. ನೂಕುನುಗ್ಗಲು ಹುಟ್ಟುವುದು ಅಲ್ಲಿ. ವೃತ್ತದಲ್ಲಿ ಮಾನವ ಸರಪಳಿ ಕಟ್ಟಿ ವಾಹನ ನಿಲ್ಲಿಸಿದರೆ ಅದು ರಸ್ತೆ ತಡೆ. ಕೇಸು ಬೀಳುವುದು ಘೋಷಣೆಗಿಂತ ಹೆಚ್ಚಾಗಿ ಇದಕ್ಕೆ. ಪ್ರತಿಕೃತಿ ದಹನ ಬೇಡವೇ ಬೇಡ. ಪೆಟ್ರೋಲ್ ಸುರಿದ ಮೇಲೆ ಪೊಲೀಸರು ಕಸಿಯಲು ಬರುತ್ತಾರೆ, ಆ ಎಳೆದಾಟದಲ್ಲಿ ಬೆಂಕಿ ಹತ್ತುವುದು ಹುಡುಗರ ಬಟ್ಟೆಗೆ.

ಪ್ರಶ್ನೆ: 'ಕಾಲೇಜಿನಲ್ಲಿ ರಾಜಕೀಯ ನಡೆಯದು, ಹೋದವರಿಗೆ ಟಿಸಿ' ಎಂದು ಪ್ರಾಂಶುಪಾಲರು ಹೇಳಿದ್ದಾರೆ. ತಪ್ಪೊಪ್ಪಿಗೆ ಪತ್ರವನ್ನೂ ಕೇಳುತ್ತಿದ್ದಾರೆ.
ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಆವರಣದೊಳಗೆ ಎಲ್ಲಿ, ಯಾವಾಗ ಸಭೆ ಸೇರಬೇಕೆಂದು ಕಟ್ಟುಪಾಡು ಹಾಕುವುದು ಕಾಲೇಜಿನ ಅಧಿಕಾರ. ತರಗತಿ ಮುಗಿದ ಮೇಲೆ ಒನಕೆ ಓಬವ್ವ ವೃತ್ತದಲ್ಲಿ ಶಾಂತವಾಗಿ ನಿಂತದ್ದಕ್ಕೆ ಟಿಸಿ ಕೊಡುವುದು ನಮ್ಮ ದೃಷ್ಟಿಯಲ್ಲಿ ನಿಲ್ಲುವ ಕ್ರಮವಲ್ಲ. ಯಾವ ಶಿಸ್ತು ಕ್ರಮಕ್ಕೂ ಮೊದಲು ಆರೋಪವನ್ನು ಬರೆದುಕೊಟ್ಟು, ಉತ್ತರಿಸಲು ಕಾಲಾವಕಾಶ ಕೊಡಬೇಕು. ಬಾಯಿಮಾತಿನ ಬೆದರಿಕೆಗೆ ಬರಹದಲ್ಲಿ ಉತ್ತರ ಕೊಡಲು ಹೋಗಬೇಡಿ. ನೋಟಿಸ್ ಬಂದ ಮೇಲೆ ಬರೆಯಿರಿ: ಎಷ್ಟು ಹೊತ್ತಿಗೆ ಹೋದೆ, ಎಲ್ಲಿ ನಿಂತೆ, ಎಷ್ಟು ಹೊತ್ತಿಗೆ ಮರಳಿದೆ. 'ಗಲಾಟೆ ಮಾಡಿದ್ದು ತಪ್ಪಾಯಿತು' ಎಂಬ ಸಿದ್ಧ ಪತ್ರಕ್ಕೆ ಸಹಿ ಹಾಕಿದರೆ ಮಾಡದ ಗಲಾಟೆಯೂ ನಿಮ್ಮದಾಗುತ್ತದೆ.

ತರಗತಿ ಬಹಿಷ್ಕಾರದ ಲೆಕ್ಕ ಬೇರೆ. ವಾರಕ್ಕೆ 4 ತರಗತಿಯ ವಿಷಯ 16 ವಾರ ನಡೆದರೆ 64 ಆಗುತ್ತದೆ. ಶೇ 75ರ ಹಾಜರಾತಿಗೆ 48 ಬೇಕು. ಜ್ವರ, ಮದುವೆ, ಜಾತ್ರೆ ಎಲ್ಲ ಉಳಿದ 16ರಲ್ಲೇ.

ಕಾಲೇಜಿನೊಳಗಿನ ಅಹವಾಲಾದರೆ ಯುಜಿಸಿಯ 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಅದು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನಗಳಲ್ಲಿ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಅಹವಾಲು ಕೇಳಲು ನೇಮಿಸಿದವರು) ಮೇಲ್ಮನವಿ ಹಾಕಬಹುದು.

ಪ್ರಶ್ನೆ: ನಮ್ಮೆದುರಿಗೆ ಇನ್ನೊಂದು ಸಂಘಟನೆಯವರು ಅದೇ ಹೊತ್ತಿಗೆ ಘೋಷಣೆ ಕೂಗುತ್ತಾ ಬಂದರೆ?
ವಿದ್ಯಾರ್ಥಿ, ಹರಿಹರ

ಉತ್ತರ: ನಿಮ್ಮೂರಿಗೆ ಇದು ಹೊಸದಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ಮತ್ತು ಕೇಸರಿ ಶಾಲಿನ ವಿವಾದದಲ್ಲಿ ಹರಿಹರ, ದಾವಣಗೆರೆ ಎರಡೂ ಕಡೆ ನಿಷೇಧಾಜ್ಞೆ ಬಂದಿತ್ತು. ಜನ ಈಗಲೂ '144' ಎನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಆದೇಶ ಜಾರಿಯಲ್ಲಿದ್ದರೆ ಠಾಣೆಯ ಹಳೆಯ ಅನುಮತಿ ಪತ್ರ ಕೆಲಸಕ್ಕೆ ಬರುವುದಿಲ್ಲ, ದಿನ ಮುಂದೂಡಿ. ಆದೇಶವಿಲ್ಲದಿದ್ದರೂ ಎದುರಾಳಿಗಳು ಕಂಡ ಕೂಡಲೇ ಘೋಷಣೆ ನಿಲ್ಲಿಸಿ, ಎಲ್ಲರನ್ನೂ ನಿಂತಲ್ಲೇ ಕೂರಿಸಿ. ಕುಳಿತವರು ಮುನ್ನುಗ್ಗಲಾರರು, ಕಲ್ಲು ಬಂದರೆ ಎಲ್ಲಿಂದ ಬಂತೆಂಬುದು ವಿಡಿಯೊದಲ್ಲೂ ಕಾಣುತ್ತದೆ. ವಿಡಿಯೊ ಮಾಡುವ ಇಬ್ಬರನ್ನು ಮೊದಲೇ ಗೊತ್ತು ಮಾಡಿರಿ.

ಪ್ರಶ್ನೆ: ಮಗಳ ಫೋಟೊ ಪೇಪರಿನಲ್ಲಿ ಬಂದು ಊರಲ್ಲೆಲ್ಲ ಮಾತಾಗಿದೆ. ಪಿಯು ಓದುವ ಮಗನೂ ಅಕ್ಕನ ಜೊತೆ ಹೊರಟಿದ್ದಾನೆ. ಕೇಸಾದರೆ ಸರ್ಕಾರಿ ಕೆಲಸ ತಪ್ಪುತ್ತದೆಯೇ?
ತಂದೆ, ಚಳ್ಳಕೆರೆ

ಉತ್ತರ: ಊರ ಮಾತಿಗೆ ನಮ್ಮಲ್ಲಿ ಮದ್ದಿಲ್ಲ. ಫೋಟೊ ಬಂದದ್ದು ಅಪರಾಧವಂತೂ ಅಲ್ಲ. ವ್ಯಾನಿನಲ್ಲಿ ಕರೆದೊಯ್ದು ಸಂಜೆಗೆ ಬಿಡುವುದು ಸಾಮಾನ್ಯವಾಗಿ ಮುಂಜಾಗ್ರತಾ ಬಂಧನ. ಅದನ್ನು 24 ಗಂಟೆ ಮೀರಿ ಎಳೆಯಲು ಬೇರೆ ಕಾನೂನು ಆಧಾರ ಬೇಕು. ಹೆಣ್ಣುಮಕ್ಕಳನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಬಂದು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಮಗನಿಗೆ 18 ತುಂಬಿಲ್ಲವಾದರೆ ಅವನನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೋಟೊ ಅವನ ಮೊಬೈಲಿನಲ್ಲಿರಲಿ. ಅದಕ್ಕಿಂತ, ಪಿಯು ಹುಡುಗರನ್ನು ರಸ್ತೆಗೆ ಇಳಿಸದಿರುವುದೇ ಸಂಘಟಕರಿಗೆ ನಮ್ಮ ಸಲಹೆ.

ಎಫ್‌ಐಆರ್ ಆದರೆ ಪ್ರತಿ ಪಡೆದು, ಕೊನೆಗೆ ಬಿ ರಿಪೋರ್ಟೋ (ಪೊಲೀಸರು ಕೇಸು ಮುಕ್ತಾಯಗೊಳಿಸಿ ಕೊಡುವ ವರದಿ) ಖುಲಾಸೆಯೋ ಆದ ಆದೇಶದ ದೃಢೀಕೃತ ನಕಲನ್ನು ಜೋಪಾನವಾಗಿಡಿ. ಕೆಲಸ ಕಳೆಯುವುದು ಅನೇಕ ಸಲ ಕೇಸಿನಿಂದಲ್ಲ, ಕೆಲಸಕ್ಕಾಗಿ ತುಂಬುವ ದೃಢೀಕರಣ ನಮೂನೆಯಲ್ಲಿ ಅದನ್ನು ಮುಚ್ಚಿಟ್ಟದ್ದರಿಂದ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೇಮಕಾತಿ ಮಾಡುವವರು ಮನ್ನಿಸಬಹುದಾದ ಸಣ್ಣ ಪ್ರಕರಣಕ್ಕೆ ಕೊಟ್ಟ ಉದಾಹರಣೆಯೇ 'ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು'. ಆ ಮನ್ನಣೆ ಅವರ ವಿವೇಚನೆಗೆ ಬಿಟ್ಟದ್ದು. ಹಾಗಾಗಿ ನಮೂನೆಯಲ್ಲಿ ಕೇಳಿದ್ದರೆ ಕೇಸಿನ ನಂಬರು, ಠಾಣೆ, ಈಗಿನ ಸ್ಥಿತಿ ಮೂರನ್ನೂ ಮಗಳು ಬರೆಯಲಿ.