ಚೆಂಡು ಕೈಯಲ್ಲಿಲ್ಲದ 36 ನಿಮಿಷ

ಓದುಗರ ಪ್ರಶ್ನೆ – ನಮ್ಮ ಉತ್ತರ: ಕಾಲೇಜು ಕ್ರೀಡೆ

ಪ್ರಶ್ನೆ: ನಾನು ಮಂಗಳೂರಿನ ಕಾಲೇಜೊಂದರಲ್ಲಿ ದ್ವಿತೀಯ ಬಿ.ಕಾಂ. ಓದುತ್ತಿದ್ದೇನೆ. ಈ ಸಲದ ಅಂತರಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾಟದಲ್ಲಿ ನಮ್ಮ ತಂಡದ ಪರವಾಗಿ ಅತಿ ಹೆಚ್ಚು ಅಂಕ ಗಳಿಸಿದವಳು ನಾನೇ. ಆದರೆ ವಿಶ್ವವಿದ್ಯಾನಿಲಯ ತಂಡದ ಆಯ್ಕೆಯಲ್ಲಿ ನನ್ನ ಹೆಸರು ಬರಲಿಲ್ಲ. ಪಂದ್ಯಕ್ಕೆ ನಾಲ್ಕೋ ಆರೋ ಅಂಕ ಗಳಿಸುವ ನನ್ನದೇ ತಂಡದ ಗೆಳತಿ ಆಯ್ಕೆಯಾದಳು. ಕಾರಣ ಕೇಳಿದಾಗ ‘ಅವಳಿಗೆ ಆಟ ಗೊತ್ತಿದೆ’ ಎಂದಷ್ಟೇ ಹೇಳಿದರು. ಅಂಕವನ್ನು ಬಿಟ್ಟು ಆಯ್ಕೆಗಾರರು ಬೇರೇನನ್ನು ನೋಡುತ್ತಾರೆ?
– ವಿದ್ಯಾರ್ಥಿನಿ, ಕದ್ರಿ, ಮಂಗಳೂರು

ಉತ್ತರ: ನಿಮ್ಮ ಬೇಸರ ಸಹಜವಾದದ್ದು. ನಿಮ್ಮಿಬ್ಬರ ಆಟವನ್ನೂ ನೋಡದೆ ಆ ಆಯ್ಕೆ ಸರಿಯೇ ತಪ್ಪೇ ಎಂದು ತೀರ್ಪು ಕೊಡುವುದು ನ್ಯಾಯವಾಗದು. ಆದರೆ ನಿಮ್ಮ ಗೆಳತಿಯಂಥ ಆಟಗಾರ್ತಿಯರನ್ನು ಆಯ್ಕೆಗಾರರು ಏಕೆ ಹುಡುಕುತ್ತಾರೆ ಎಂಬುದನ್ನು ವಿವರಿಸಬಹುದು. ಹತ್ತು ಹತ್ತು ನಿಮಿಷಗಳ ನಾಲ್ಕು ಅವಧಿ ಸೇರಿ ಒಂದು ಪಂದ್ಯಕ್ಕೆ 40 ನಿಮಿಷ. ಅಂಕಣದಲ್ಲಿರುವವರು 10 ಮಂದಿ, ಚೆಂಡು ಒಂದೇ. ಸಮನಾಗಿ ಹಂಚಿದರೂ ಒಬ್ಬೊಬ್ಬರ ಪಾಲಿಗೆ ಬರುವುದು 4 ನಿಮಿಷ ಮಾತ್ರ. ಉಳಿದ 36 ನಿಮಿಷ ಆಟಗಾರ್ತಿ ಏನು ಮಾಡುತ್ತಿದ್ದಾಳೆ ಎಂಬುದು ಗ್ಯಾಲರಿಯಲ್ಲಿ ಕುಳಿತವರ ಕಣ್ಣಿಗೆ ಬೀಳುವುದು ಕಡಿಮೆ. ಅನುಭವಿ ಆಯ್ಕೆಗಾರರ ಕಣ್ಣು ಇರುವುದೇ ಅಲ್ಲಿ.

ರಿಬೌಂಡ್‌ನಿಂದಲೇ ಆರಂಭಿಸೋಣ. ಎಸೆತ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದೇ ರಿಬೌಂಡ್. ಯಾರಾದರೂ ರಿಂಗಿಗೆ ಚೆಂಡೆಸೆದೊಡನೆ ಹೆಚ್ಚಿನವರ ಕಣ್ಣು ಚೆಂಡಿನ ಜೊತೆಗೇ ಮೇಲೇರುತ್ತದೆ. ಆಟ ಗೊತ್ತಿರುವವಳ ಕಣ್ಣು ಆ ಗಳಿಗೆಯಲ್ಲಿ ತಾನು ಕಾಯುತ್ತಿರುವ ಎದುರಾಳಿಯ ಮೇಲಿರುತ್ತದೆ. ಅವಳು ಮುಂಗೈಯನ್ನು ತಾಗಿಸಿ ಎದುರಾಳಿ ಎಲ್ಲಿದ್ದಾಳೆಂದು ಖಚಿತಪಡಿಸಿಕೊಂಡು, ಒಂದು ಪಾದವನ್ನು ಊರಿ ಅದರ ಮೇಲೆ ತಿರುಗಿ, ಮೊಣಕಾಲು ಬಗ್ಗಿಸಿ, ಬೆನ್ನನ್ನೂ ಸೊಂಟವನ್ನೂ ಎದುರಾಳಿಗೆ ಆನಿಸಿ ದಾರಿ ಕಟ್ಟಿದ ಮೇಲೆಯೇ ರಿಂಗಿನತ್ತ ತಲೆ ಎತ್ತುತ್ತಾಳೆ. ಬಾಕ್ಸ್ ಔಟ್ ಎಂದು ಕರೆಯುವ ಈ ಕೆಲಸಕ್ಕೆ ಎರಡು ಸೆಕೆಂಡೂ ಹಿಡಿಯುವುದಿಲ್ಲ. ಹೀಗೆ ದಾರಿ ಕಟ್ಟಿದವಳಿಗೇ ಚೆಂಡು ಸಿಗಬೇಕೆಂದೂ ಇಲ್ಲ. ಎಷ್ಟೋ ಸಲ ಅದು ಪಕ್ಕದಲ್ಲಿರುವ ಜೊತೆಗಾತಿಯ ಕೈಸೇರುತ್ತದೆ, ಚಪ್ಪಾಳೆಯೂ ಅವಳಿಗೇ ಹೋಗುತ್ತದೆ. ಚೆಂಡು ಎಲ್ಲಿ ಬೀಳಬಹುದೆಂಬ ಅಂದಾಜೂ ಇದರೊಂದಿಗೆ ಬೆಳೆಯಬೇಕು. ಮೂಲೆಯಿಂದ ಎಸೆದು ತಪ್ಪಿದ ಚೆಂಡು ಹೆಚ್ಚಾಗಿ ಎದುರು ಬದಿಗೆ ಪುಟಿಯುತ್ತದೆ, ಮೂರು ಅಂಕದ ಎಸೆತಕ್ಕಿರುವ 6.75 ಮೀಟರ್ ಗೆರೆಯ ಹೊರಗಿನಿಂದ ಎಸೆದದ್ದು ರಿಂಗಿನ ಬುಡದಲ್ಲಿ ಬೀಳದೆ ದೂರಕ್ಕೆ ಚಿಮ್ಮುತ್ತದೆ. ಇದನ್ನು ತಿಳಿದ ಸಾಧಾರಣ ಎತ್ತರದ ಹುಡುಗಿ, ತಿಳಿಯದ ಎತ್ತರದ ಹುಡುಗಿಗಿಂತ ಹೆಚ್ಚು ಚೆಂಡು ಹಿಡಿಯುತ್ತಾಳೆ.

ಇದರ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಕಾಲೇಜು ಮಹಿಳೆಯರ 2024ರ ಫೈನಲ್ ಪಂದ್ಯ ಒಳ್ಳೆಯ ನಿದರ್ಶನ. ಅಯೋವಾ ವಿಶ್ವವಿದ್ಯಾನಿಲಯದ ಕೇಟ್ಲಿನ್ ಕ್ಲಾರ್ಕ್ ಕಾಲೇಜು ಜೀವನದಲ್ಲಿ ಒಟ್ಟು 3,951 ಅಂಕ ಗಳಿಸಿದ ದಾಖಲೆಯ ಆಟಗಾರ್ತಿ; ಆ ಫೈನಲ್‌ನಲ್ಲೂ ಅವರು 30 ಅಂಕ ಗಳಿಸಿದರು. ಆದರೂ 87–75ರಿಂದ ಗೆದ್ದದ್ದು ಡಾನ್ ಸ್ಟೇಲಿ ಅವರ ತರಬೇತಿಯ ಸೌತ್ ಕ್ಯಾರೊಲಿನಾ. ರಿಬೌಂಡ್‌ಗಳಲ್ಲಿ ಆ ತಂಡ 51–29ರಷ್ಟು ಮುಂದಿತ್ತು. ಬೆಂಚಿನಿಂದ ಎದ್ದು ಬಂದ ಆಟಗಾರ್ತಿಯರೇ 37 ಅಂಕ ಸೇರಿಸಿದ್ದರು, ಅಯೋವಾದ ಬೆಂಚಿನಿಂದ ಒಂದು ಅಂಕವೂ ಬಂದಿರಲಿಲ್ಲ. ಕ್ಲಾರ್ಕ್ ಅವರ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ಅವರು ಅಂಕಗಳ ಜೊತೆಗೆ ಸಾವಿರಕ್ಕೂ ಹೆಚ್ಚು ಅಸಿಸ್ಟ್ (ಜೊತೆಗಾತಿಯ ಅಂಕಕ್ಕೆ ಕಾರಣವಾದ ಪಾಸ್) ನೀಡಿದವರು ಎಂಬುದನ್ನು ನಮ್ಮಲ್ಲಿ ಅವರ ದೂರದ ಎಸೆತಗಳನ್ನಷ್ಟೇ ಮೊಬೈಲಿನಲ್ಲಿ ನೋಡುವ ಹುಡುಗಿಯರು ಗಮನಿಸಬೇಕು.

ಎರಡನೆಯದಾಗಿ ಹೇಳಬೇಕಾದದ್ದು ಮಾತು. ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಗಳ ಮಹಿಳಾ ತಂಡಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆ ಇದೇ. ಡಿಫೆನ್ಸ್ ಮಾಡುತ್ತಿರುವ ಹುಡುಗಿಗೆ ತನ್ನ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ರಿಂಗಿನ ಕೆಳಗೆ ನಿಂತವಳಿಗೆ ಇಡೀ ಅಂಕಣ ಕಾಣುತ್ತದೆ. ಎಡಗಡೆಯಿಂದ ಸ್ಕ್ರೀನ್ (ದಾರಿಗೆ ಅಡ್ಡವಾಗಿ ನಿಲ್ಲುವ ಎದುರಾಳಿ) ಬರುತ್ತಿದೆ, ನಾನು ಹಿಂದೆ ಇದ್ದೇನೆ, ಎದುರಾಳಿಗಳನ್ನು ಬದಲಿಸಿಕೊಳ್ಳೋಣ ಎಂಬ ಮೂರು ಸಂಗತಿಗಳನ್ನು ಅವಳು ಒಂದೊಂದೇ ಪದದಲ್ಲಿ, ಗದ್ದಲದ ನಡುವೆಯೂ ಕೇಳುವಂತೆ, ಚೆಂಡು ಮಧ್ಯದ ಗೆರೆ ದಾಟಿದ ಗಳಿಗೆಯಿಂದ ಎಸೆತ ಮುಗಿಯುವವರೆಗೆ ಕೂಗಿ ಹೇಳುತ್ತಲೇ ಇರಬೇಕು. ತಡವಾಗಿ ಹೇಳಿದರೆ ಪ್ರಯೋಜನವಿಲ್ಲ. ಜೊತೆಗಾತಿ ಆ ವೇಳೆಗೆ ಸ್ಕ್ರೀನ್‌ಗೆ ಬಡಿದು ನಿಂತಿರುತ್ತಾಳೆ. ಮೆಲ್ಲಗೆ ಮಾತನಾಡು ಎಂಬ ಬುದ್ಧಿಮಾತನ್ನು ಮನೆಯಲ್ಲೂ ತರಗತಿಯಲ್ಲೂ ಕೇಳುತ್ತಾ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ನಾಲ್ಕು ಜನರೆದುರು ಗಂಟಲು ತೆರೆದು ಕೂಗುವುದು ಸುಲಭವಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಮಾತನಾಡುವವರು ಒಂದೇ ತಂಡದಲ್ಲಿರುವ ಊರು ನಮ್ಮದಾದ್ದರಿಂದ, ಯಾವ ಸಂಗತಿಗೆ ಯಾವ ಕೂಗು ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಇಂಥ ಒಬ್ಬ ಹುಡುಗಿ ತಂಡದಲ್ಲಿದ್ದರೆ ಉಳಿದ ನಾಲ್ವರೂ ಅರ್ಧ ಹೆಜ್ಜೆ ಬೇಗ ಚಲಿಸುತ್ತಾರೆ. ಆಯ್ಕೆ ಶಿಬಿರದಲ್ಲಿ ಒಬ್ಬರನ್ನೊಬ್ಬರು ಅರಿಯದವರು ಕೂಡಿ ಆಡಬೇಕಾದಾಗ ಅವಳ ದನಿಯೇ ಎಲ್ಲಕ್ಕಿಂತ ಮೊದಲು ಗಮನಕ್ಕೆ ಬರುತ್ತದೆ.

ಸ್ಕ್ರೀನ್ ಹಾಕುವುದೂ ಹೀಗೆಯೇ ಮೆಚ್ಚುಗೆ ಕಾಣದ ಕೆಲಸ. ಪಾದಗಳನ್ನು ಭುಜದಷ್ಟು ಅಗಲಕ್ಕೆ ಊರಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಎದುರಾಳಿ ಬಂದು ತಾಗಿದರೂ ಅಲುಗದೆ ನಿಲ್ಲಬೇಕು. ಒಂದಿಷ್ಟು ಸರಿದರೂ ಫೌಲ್. ನಿಂತು, ಜೊತೆಗಾತಿ ದಾಟಿದ ಕೂಡಲೇ ರಿಂಗಿನತ್ತ ತಿರುಗಿ ಓಡುವವಳಿಗೆ ಅನೇಕ ಸಲ ಯಾರೂ ಕಾಯದ ಲೇ-ಅಪ್ (ರಿಂಗಿನ ಹತ್ತಿರದಿಂದಲೇ ಹಾಕುವ ಎಸೆತ) ಸಿಗುತ್ತದೆ. ಪಾಸ್ ಬಗ್ಗೆ ಒಂದು ಮಾತು: ಎಸೆಯಲು ಸಿದ್ಧಳಾಗಿ ನಿಂತವಳ ಎದೆಯ ಮಟ್ಟಕ್ಕೆ ಬಂದ ಚೆಂಡಿಗೂ ಮೊಣಕಾಲಿಗೆ ಬಂದ ಚೆಂಡಿಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಬಗ್ಗಿ ಹಿಡಿದು ಮೇಲೇಳುವಷ್ಟರಲ್ಲಿ ಎದುರಾಳಿ ಮುಂದೆ ಬಂದು ನಿಂತಿರುತ್ತಾಳೆ, ಎಸೆತ ತಪ್ಪುತ್ತದೆ, ತಪ್ಪು ಎಸೆದವಳದೆಂದು ಎಲ್ಲರೂ ಭಾವಿಸುತ್ತಾರೆ.

ಫೌಲ್ ಮತ್ತು ಗಡಿಯಾರದ ಲೆಕ್ಕವನ್ನೂ ಬಲ್ಲವಳು ತಲೆಯಲ್ಲಿಟ್ಟುಕೊಂಡಿರುತ್ತಾಳೆ. ಐದನೆಯ ಫೌಲ್‌ಗೆ ಆಟಗಾರ್ತಿ ಹೊರಗೆ. ಒಂದು ಅವಧಿಯಲ್ಲಿ ತಂಡದ ಫೌಲ್‌ಗಳು ನಾಲ್ಕಾದ ಮೇಲೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡಿಪಡಿಸದ ಎಸೆತ. ದಾಳಿಗೆ 24 ಸೆಕೆಂಡ್, ಚೆಂಡು ರಿಂಗಿಗೆ ತಾಗಿ ಮರಳಿ ತಮ್ಮ ಕೈಗೇ ಬಂದರೆ 14 ಸೆಕೆಂಡ್.

2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು ಸೋಲಿಸಿದ್ದು 75–73ರಿಂದ. ಅಂತರ ಎರಡೇ ಅಂಕ. ಬಿಟ್ಟುಹೋದ ಒಂದು ಬಾಕ್ಸ್ ಔಟ್ ಅಥವಾ ತಡವಾದ ಒಂದು ಕೂಗು ಅಷ್ಟು ಅಂಕವನ್ನು ಅತ್ತಿತ್ತ ಮಾಡಬಲ್ಲದು. ಅಂಕ ಗಳಿಸುವ ಕಲೆ ನಿಮಗೆ ಈಗಾಗಲೇ ಇದೆ, ಅದು ಎಲ್ಲರಿಗೂ ಒಲಿಯುವಂಥದ್ದಲ್ಲ. ಮುಂದಿನ ಪಂದ್ಯವನ್ನು ಯಾರಿಂದಲಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆದರೆ ಕ್ಯಾಮೆರಾ ಚೆಂಡನ್ನು ಹಿಂಬಾಲಿಸದೆ ನಿಮ್ಮನ್ನೇ ಹಿಂಬಾಲಿಸಲಿ. ಆ ವಿಡಿಯೊವನ್ನು ನಿಮ್ಮ ಗೆಳತಿಯ ಜೊತೆ ಕುಳಿತು ನೋಡಿ, ಆ ಗಳಿಗೆಯಲ್ಲಿ ತಾನಾಗಿದ್ದರೆ ಎಲ್ಲಿ ನಿಲ್ಲುತ್ತಿದ್ದೆನೆಂದು ಅವಳನ್ನೇ ಕೇಳಿ.

ಪ್ರಶ್ನೆ: ನನ್ನ ಮಗಳು ಪ್ರಥಮ ಪದವಿಯಲ್ಲಿದ್ದಾಳೆ, ಎತ್ತರ 5 ಅಡಿ 2 ಅಂಗುಲ. ಬಾಸ್ಕೆಟ್‌ಬಾಲ್ ಎಂದರೆ ಅವಳಿಗೆ ಪ್ರಾಣ. ಎತ್ತರ ಸಾಲದು, ಬೇರೆ ಆಟ ನೋಡಿಕೋ ಎಂದು ಅನೇಕರು ಹೇಳುತ್ತಿದ್ದಾರೆ. ಅವಳನ್ನು ಮುಂದುವರಿಸಲೇ?
– ಒಬ್ಬ ತಂದೆ, ಅಂಬಲಪಾಡಿ, ಉಡುಪಿ

ಉತ್ತರ: ಖಂಡಿತ ಮುಂದುವರಿಸಿ. ಅಮೆರಿಕದ ಟೆನೆಸೀ ವಿಶ್ವವಿದ್ಯಾನಿಲಯ ಪ್ಯಾಟ್ ಸಮ್ಮಿಟ್ ಅವರ ತರಬೇತಿಯಲ್ಲಿ 2007 ಮತ್ತು 2008ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಆ ತಂಡದಲ್ಲಿ ಗಾರ್ಡ್ (ಚೆಂಡನ್ನು ಮುಂದೆ ತಂದು ಆಟ ನಡೆಸುವವಳು) ಆಗಿದ್ದ ಶಾನನ್ ಬಾಬಿಟ್ ಅವರ ಎತ್ತರವೂ 5 ಅಡಿ 2 ಅಂಗುಲವೇ. ಮೇಲೆ ಹೆಸರಿಸಿದ ಡಾನ್ ಸ್ಟೇಲಿ 5 ಅಡಿ 6 ಅಂಗುಲದವರು. ಆಟಗಾರ್ತಿಯಾಗಿ 1996, 2000 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರು.

ರಿಂಗ್ ಎಲ್ಲರಿಗೂ 3.05 ಮೀಟರ್ ಎತ್ತರದಲ್ಲೇ ಇರುತ್ತದೆ, ಎತ್ತರದವರಿಗೆ ಅನುಕೂಲ ಹೆಚ್ಚು ಎಂಬುದು ನಿಜ. ಆದರೆ ಚೆಂಡು ಎಷ್ಟೋ ಹೊತ್ತು ನೆಲದ ಹತ್ತಿರವೇ ಇರುತ್ತದೆ. ಎದುರಾಳಿ 8 ಸೆಕೆಂಡಿನೊಳಗೆ ಚೆಂಡನ್ನು ಮಧ್ಯದ ಗೆರೆ ದಾಟಿಸಬೇಕು. ಅವಳೆದುರು ಬಗ್ಗಿ ನಿಂತು, ಅಡ್ಡ ಹೆಜ್ಜೆಯಲ್ಲಿ ಸರಿಯುತ್ತಾ, ಅವಳನ್ನು ಬದಿಯ ಗೆರೆಯತ್ತ ತಳ್ಳಿಕೊಂಡು ಹೋಗುವ ಗಿಡ್ಡ ಹುಡುಗಿಯಷ್ಟು ಕಿರಿಕಿರಿ ಕೊಡುವ ಡಿಫೆಂಡರ್ ಮತ್ತೊಬ್ಬಳಿಲ್ಲ. ಮಗಳು ಎರಡೂ ಕೈಗಳಲ್ಲಿ ಸಮನಾಗಿ ಡ್ರಿಬ್ಲಿಂಗ್ ಮಾಡಲು, ತಲೆ ತಗ್ಗಿಸದೆ ಓಡಲು, ಒತ್ತಡದಲ್ಲಿ ಎರಡೂ ಪಾದಗಳನ್ನು ಒಟ್ಟಿಗೆ ಊರಿ ನಿಲ್ಲಲು ಕಲಿಯಲಿ. ಎಡಗೈಯ ಅಭ್ಯಾಸವನ್ನು ಮನೆಯ ಅಂಗಳದಲ್ಲೇ ಮಾಡಬಹುದು. ಮಹಿಳೆಯರ ಪಂದ್ಯಕ್ಕೆ ಬಳಸುವುದು 6ನೇ ಸೈಜಿನ ಚೆಂಡು. ಪುರುಷರ 7ನೇ ಸೈಜಿನ ಚೆಂಡನ್ನು ಕೊಂಡು ತರಬೇಡಿ.

ಪ್ರಶ್ನೆ: ನಾನು ಪದವಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ನಮ್ಮದು ತೆರೆದ ಕಾಂಕ್ರೀಟ್ ಕೋರ್ಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಂದಾಗಿ ಅಭ್ಯಾಸ ನಿಂತೇಹೋಗುತ್ತದೆ. ತಂಡಕ್ಕೆ ಬರುವವರಲ್ಲಿ ಅರ್ಧದಷ್ಟು ಮಂದಿ ಶಾಲೆಯಲ್ಲಿ ಕಬಡ್ಡಿ, ಥ್ರೋಬಾಲ್ ಆಡಿದವರು. ಇವರನ್ನು ಹೇಗೆ ತಯಾರು ಮಾಡುವುದು?
– ಓದುಗರು, ಕುಂದಾಪುರ

ಉತ್ತರ: ಕಬಡ್ಡಿ ಆಡಿದವರು ಸಿಕ್ಕಿದ್ದು ನಿಮ್ಮ ಅದೃಷ್ಟ. 2014ರಲ್ಲಿ ಕಬಡ್ಡಿಗಾಗಿ ನಿಮ್ಮದೇ ಜಿಲ್ಲೆಯ ಕಾರ್ಕಳ ತಾಲೂಕಿನ ಮಮತಾ ಪೂಜಾರಿ, ಬಾಸ್ಕೆಟ್‌ಬಾಲ್‌ಗಾಗಿ ಕೇರಳದ ಗೀತು ಅನ್ನಾ ಜೋಸ್ ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದರು. ಆಟ ಬೇರೆಯಾದರೂ ಬಗ್ಗಿದ ಮೊಣಕಾಲು, ಎದುರಾಳಿಯ ಸೊಂಟದ ಮೇಲಿನ ಕಣ್ಣು, ಮೈಗೆ ಮೈ ತಾಗಿದಾಗ ಹಿಂಜರಿಯದ ಸ್ವಭಾವ ಎರಡಕ್ಕೂ ಬೇಕು. ಎದುರಾಳಿ ಕಣ್ಣಿನಿಂದ, ತಲೆಯಿಂದ ಮೋಸ ಮಾಡಬಲ್ಲಳು. ಸೊಂಟ ಹೋದ ಕಡೆಗೇ ಅವಳೂ ಹೋಗುತ್ತಾಳೆ ಎಂಬುದು ಕಬಡ್ಡಿ ಹುಡುಗಿಗೆ ಹೇಳದೆಯೇ ಗೊತ್ತಿರುತ್ತದೆ. ಅವಳಿಗೆ ಕಲಿಸಬೇಕಾದದ್ದು ಕೈಯಿಂದ ಹಿಡಿಯಬಾರದು ಎಂಬುದನ್ನು ಮಾತ್ರ.

ಮಳೆಗಾಲದ ಬಗ್ಗೆ ಹೇಳುವುದಾದರೆ, ನಾನು ಇಲ್ಲಿ ವಿವರಿಸಿದ ಕೌಶಲಗಳಲ್ಲಿ ಹೆಚ್ಚಿನವಕ್ಕೆ ರಿಂಗೂ ಬೇಡ, ಚೆಂಡೂ ಬೇಡ. ಕಾಲೇಜಿನ ಸಭಾಭವನದಲ್ಲಿ ಕುರ್ಚಿಗಳನ್ನು ಬದಿಗೆ ಸರಿಸಿ, ನೆಲ ಒದ್ದೆಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಬಾಕ್ಸ್ ಔಟ್ ಮಾಡಿಸಬಹುದು; ಐದು ಮಂದಿಯನ್ನು ನಿಲ್ಲಿಸಿ, ನೀವು ಕೈಯಲ್ಲಿ ದಿಕ್ಕು ತೋರಿಸಿದಂತೆ ಕೂಗುತ್ತಾ ಸರಿಯುವ ಅಭ್ಯಾಸ ಮಾಡಿಸಬಹುದು. ಅದಕ್ಕಿಂತ ಮುಖ್ಯವಾಗಿ ಆ ತಿಂಗಳುಗಳನ್ನು ಜಿಗಿದು ಇಳಿಯುವ ಕ್ರಮ ಕಲಿಸಲು ಬಳಸಿ. ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಬಾಸ್ಕೆಟ್‌ಬಾಲ್ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು, ಮತ್ತು ಅದು ಹರಿಯುವುದು ಬಹುಪಾಲು ಯಾರೂ ತಾಗದೆ, ತಾವಾಗಿಯೇ ಇಳಿಯುವಾಗ ಅಥವಾ ಓಟದಲ್ಲಿ ಒಮ್ಮೆಲೇ ನಿಂತು ತಿರುಗುವಾಗ. ಜಿಗಿದು ಇಳಿದ ಹುಡುಗಿಯನ್ನು ಎದುರಿನಿಂದ ನೋಡಿ. ಮೊಣಕಾಲುಗಳು ಪಾದಗಳ ನೇರಕ್ಕೆ ನಿಲ್ಲದೆ ಒಳಗೆ ವಾಲಿದರೆ, ಅಥವಾ ಕಾಲು ಬಗ್ಗದೆ ಸದ್ದು ಮಾಡುತ್ತಾ ಇಳಿದರೆ ಅದನ್ನು ತಿದ್ದಬೇಕು. ಎರಡೂ ಪಾದಗಳ ಮೇಲೆ, ಮೊಣಕಾಲು ಮತ್ತು ಸೊಂಟ ಬಗ್ಗಿಸಿ, ಸದ್ದಿಲ್ಲದೆ ಇಳಿಯುವುದನ್ನು ಪ್ರತಿದಿನದ ವಾರ್ಮ್ ಅಪ್‌ನ ಭಾಗವಾಗಿಸಿ. ಜೊತೆಗೆ ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಇರಲಿ. ಈ ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ, ಎ.ಸಿ.ಎಲ್. ಹರಿದು ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು, ಮೂರು ವರ್ಷದ ಪದವಿಯಲ್ಲಿ ಅದು ಒಂದು ಇಡೀ ಋತು.

ಪಂದ್ಯಾಟಗಳು ಆರಂಭವಾದ ಮೇಲೆ ಒಂದು ನೋಟ್‌ಬುಕ್ ಇಡಿ. ಅಧಿಕೃತ ಸ್ಕೋರ್ ಶೀಟಿನಲ್ಲಿ ಅಂಕ, ಫೌಲ್ ಮತ್ತು ಟೈಮ್ ಔಟ್‌ಗಳಿಗೆ ಜಾಗವಿದೆ. ರಿಬೌಂಡ್‌ಗೂ ಅಸಿಸ್ಟ್‌ಗೂ ಇಲ್ಲ, ಸ್ಕ್ರೀನ್‌ನ ಮಾತಂತೂ ಇಲ್ಲವೇ ಇಲ್ಲ. ಬೆಂಚಿನಲ್ಲಿ ಕುಳಿತ ಹುಡುಗಿಯರಲ್ಲಿ ಒಬ್ಬಳಿಗೆ ಬಾಕ್ಸ್ ಔಟ್, ಇನ್ನೊಬ್ಬಳಿಗೆ ಬುಟ್ಟಿಗೆ ದಾರಿಮಾಡಿದ ಸ್ಕ್ರೀನ್ ಮತ್ತು ಕೈ ತಾಗಿಸಿ ಕೆಡಿಸಿದ ಎದುರಾಳಿಯ ಪಾಸ್‌ಗಳನ್ನು ಗುರುತು ಹಾಕಲು ಹೇಳಿ. ಬರೆಯುವವರೂ ಆಟವನ್ನು ಬೇರೆ ಕಣ್ಣಿನಿಂದ ನೋಡಲು ಕಲಿಯುತ್ತಾರೆ. ಪಂದ್ಯದ ಮರುದಿನ ಆ ಪುಟವನ್ನು ಎಲ್ಲರೆದುರು ಓದಿ, ವಿಶ್ವವಿದ್ಯಾನಿಲಯದ ಆಯ್ಕೆಗೆ ಹೋಗುವಾಗ ನೋಟ್‌ಬುಕ್ಕನ್ನೂ ಕೊಂಡುಹೋಗಿ ಆಯ್ಕೆಗಾರರಿಗೆ ತೋರಿಸಿ.