ಒಬಾಮ 2012ರಲ್ಲಿ ಮತ್ತೆ ಗೆದ್ದರೂ ತಮಗೆ ಬೇಕಾದ ಕಾನೂನು ತರಲು ಏಕೆ ಆಗಲಿಲ್ಲ?

ನಮ್ಮಲ್ಲಿ ಲೋಕಸಭೆಯ ಬಹುಮತ ಇದ್ದವರೇ ಪ್ರಧಾನಿ ಆಗುವುದರಿಂದ ಈ ಪ್ರಶ್ನೆ ಸಹಜ. ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆ ಬೇರೆ, ಸಂಸತ್ತಿನ ಆಯ್ಕೆ ಬೇರೆ. ಒಂದೇ ದಿನ ಮತ ಹಾಕಿದರೂ ಫಲಿತಾಂಶ ಎರಡು ದಿಕ್ಕಿಗೆ ಹೋಗಬಹುದು.

2012ರಲ್ಲಿ ಆದದ್ದೂ ಅದೇ. ಒಬಾಮ 332 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಮತ) ಪಡೆದು ಗೆದ್ದರು, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಅವರ ಡೆಮಾಕ್ರಟಿಕ್ ಪಕ್ಷದ ಕೈಯಲ್ಲೇ ಉಳಿಯಿತು. ಕೆಳಮನೆ ಮಾತ್ರ ರಿಪಬ್ಲಿಕನ್ನರದು. ಯಾವ ಮಸೂದೆಗೂ ಎರಡೂ ಮನೆಗಳು ಒಪ್ಪಬೇಕು. ವಲಸೆ ಸುಧಾರಣೆಯ ಮಸೂದೆಯನ್ನು ಎರಡೂ ಪಕ್ಷದ ಸೆನೆಟರುಗಳು ಕೂತು ಬರೆದಿದ್ದರು; 2013ರ ಜೂನ್‌ನಲ್ಲಿ ಅದು ಸೆನೆಟ್‌ನಲ್ಲಿ 68-32 ಮತಗಳಿಂದ ಪಾಸಾಯಿತು. ಕೆಳಮನೆಯ ನಾಯಕರು ಅದನ್ನು ಮತಕ್ಕೇ ಹಾಕಲಿಲ್ಲ. ಬಿದ್ದುಹೋಗಿದ್ದರೂ ಒಂದು ಮಾತು, ಚರ್ಚೆಗೇ ಬರಲಿಲ್ಲವಲ್ಲ ಎಂಬುದು ನನಗೆ ಇವತ್ತಿಗೂ ಬೇಸರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಖರ್ಚಿನ ಮಸೂದೆಗೆ ಒಪ್ಪಿಗೆ ಸಿಗದೆ ಹಲವು ಸರ್ಕಾರಿ ಕಚೇರಿಗಳು 16 ದಿನ ಬಾಗಿಲು ಹಾಕಿದವು.

ಹಾಗಂತ ಗೆಲುವು ವ್ಯರ್ಥವಲ್ಲ. ಅಧ್ಯಕ್ಷರ ವೀಟೋ, ಅಂದರೆ ಮಸೂದೆಯನ್ನು ತಿರಸ್ಕರಿಸುವ ಅಧಿಕಾರ, ಮೀರಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಮುಂದೆ ಸೆನೆಟ್ ಕೂಡ ಕೈತಪ್ಪಿದ ಮೇಲೆ, 2016ರ ಜನವರಿಯಲ್ಲಿ, ಆರೋಗ್ಯ ವಿಮೆ ಕಾನೂನಿನ ಮುಖ್ಯ ಭಾಗಗಳನ್ನು ರದ್ದುಮಾಡಲು ಬಂದ ಮಸೂದೆಯನ್ನು ಒಬಾಮ ತಡೆದದ್ದು ಇದೇ ಅಧಿಕಾರದಿಂದ.