ಕಾಂಪೌಂಡಿನ ಹೊರಗೆ ನಿಂತು ಯುದ್ಧವಿಮಾನ ನೋಡುವವರಿಗೆ

ಪ್ರಶ್ನೆ: ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಟಿಕೆಟ್ ಸಿಗದಿದ್ದರೆ ಯಲಹಂಕ ವಾಯುನೆಲೆಯ ಹೊರಗಿನಿಂದ ನೋಡಬಹುದೇ? ಎಲ್ಲಿ ನಿಲ್ಲಬೇಕು? (ಸಹಕಾರನಗರದ ಓದುಗರು)

ಉತ್ತರ: ಧಾರಾಳವಾಗಿ ನೋಡಬಹುದು. ಆದರೆ ಗೋಡೆಯ ಬುಡಕ್ಕೆ ಹೋಗಬೇಡಿ. ಅಲ್ಲಿಂದ ಕಾಣುವುದು ಗೋಡೆ ಮಾತ್ರ, ಜೊತೆಗೆ ಕಾವಲಿನವರ ಅನುಮಾನ. ಒಂದೂವರೆ, ಎರಡು ಕಿಲೋಮೀಟರ್ ಹಿಂದೆ ಸರಿದರೆ ವಿಮಾನ ಮೇಲೇರುವುದು, ಮಗುಚುವುದು, ಲೂಪ್ ಹೊಡೆಯುವುದು ಪೂರ್ತಿ ಕಣ್ಣಿಗೆ ಬೀಳುತ್ತದೆ.

ಯಲಹಂಕದ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆಲೆಯ ದಕ್ಷಿಣಕ್ಕಿರುವ ಬಡಾವಣೆಗಳಲ್ಲಿ ನಿಂತು ಉತ್ತರಕ್ಕೆ ನೋಡಿ. ಬಿಸಿಲು ಬೆನ್ನಿಗೆ ಬೀಳುತ್ತದೆ, ಬೈನಾಕ್ಯುಲರ್ ತಪ್ಪಿ ಸೂರ್ಯನತ್ತ ತಿರುಗುವ ಅಪಾಯವೂ ಕಡಿಮೆ. ಪರಿಚಯದವರ ಟೆರೇಸ್ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಒಂದೇ ಎಚ್ಚರ: ತಲೆಯೆತ್ತಿಕೊಂಡು ಹಿಂದಕ್ಕೆ ಹೆಜ್ಜೆ ಹಾಕಬೇಡಿ. ನೀರಿನ ಪೈಪು, ಗಿಡ್ಡ ಪ್ಯಾರಾಪೆಟ್ ಎರಡೂ ಕಾಲಿಗೆ ಸಿಗುತ್ತವೆ. ಮಕ್ಕಳನ್ನು ನಡುವೆ ಕೂರಿಸಿಬಿಡಿ.

ರನ್‌ವೇಯ ತುದಿಗೆ ನೇರವಾಗಿ, ವಿಮಾನಗಳ ಹಾದಿಯ ಕೆಳಗೆ ಮಾತ್ರ ನಿಲ್ಲಬಾರದು. 2019ರ ಫೆಬ್ರವರಿ 19ರಂದು ತಾಲೀಮಿನಲ್ಲಿದ್ದ ಸೂರ್ಯಕಿರಣ (ವಾಯುಪಡೆಯ ಕಸರತ್ತಿನ ಹಾರಾಟದ ತಂಡ) ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಅವಶೇಷ ಬಿದ್ದದ್ದು ಜನವಸತಿಯ ಇಸ್ರೋ ಲೇಔಟ್ ಕಡೆಗೆ. ಪಕ್ಕಕ್ಕೆ ಸರಿದು ನಿಂತವರಿಗೆ ನೋಟವೂ ಚೆಂದ, ಜೀವಕ್ಕೂ ಕ್ಷೇಮ.

ಇಷ್ಟಾದರೂ ನಿಜವಾದ ಅಪಾಯ ಇರುವುದು ಬಳ್ಳಾರಿ ರಸ್ತೆಯಲ್ಲಿ. ಫ್ಲೈಓವರ್ ಮೇಲೆ ಬೈಕ್ ನಿಲ್ಲಿಸಿ ನೀವು ಆಕಾಶ ನೋಡುತ್ತೀರಿ. ಹಿಂದಿನಿಂದ ಬರುವ ಕ್ಯಾಬ್ ಚಾಲಕನೂ ಆಕಾಶವನ್ನೇ ನೋಡುತ್ತಿರುತ್ತಾನೆ. ಗಾಡಿಯನ್ನು ಬಡಾವಣೆಯ ಒಳರಸ್ತೆಯಲ್ಲಿ ಬಿಟ್ಟು ನಡೆದು ಹೋಗಿ. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಬಿಸಿ ಸೈಲೆನ್ಸರ್ ಸಾಕು ಕಿಡಿ ಹತ್ತಲು. ಅದೇ 2019ರ ಪ್ರದರ್ಶನದಲ್ಲಿ ಒಣಹುಲ್ಲಿನ ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು.

ಪ್ರಶ್ನೆ: ಹಾರಾಟದ ಹೊತ್ತು ಗೊತ್ತಾಗುವುದು ಹೇಗೆ? ಮೊಬೈಲ್ ಆ್ಯಪ್‌ನಲ್ಲಿ ಯುದ್ಧವಿಮಾನ ಕಾಣುವುದಿಲ್ಲ. (ದೊಡ್ಡಬಳ್ಳಾಪುರ)

ಉತ್ತರ: ಆ ಆ್ಯಪ್‌ಗಳು ವಿಮಾನ ತಾನೇ ಬಿತ್ತರಿಸುವ ಸಂಕೇತವನ್ನು ಹಿಡಿದು ತೋರಿಸುತ್ತವೆ. ಯುದ್ಧವಿಮಾನಗಳು ಸಾಮಾನ್ಯವಾಗಿ ಅದನ್ನು ಬಿತ್ತರಿಸುವುದಿಲ್ಲ. ಸುಲಭದ ದಾರಿ ಬೇರೆ ಇದೆ. ಪ್ರದರ್ಶನ ಮತ್ತು ತಾಲೀಮಿನ ಗಂಟೆಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಸಂಚಾರ ನಿಲ್ಲಿಸುತ್ತಾರೆ, ಆ ವೇಳಾಪಟ್ಟಿ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ನಾಗರಿಕ ವಿಮಾನ ಬಂದ್ ಎಂದರೆ ನಿಮ್ಮ ಹೊತ್ತು ಶುರು ಎಂದೇ ಅರ್ಥ. ತಾಲೀಮಿನ ದಿನಗಳಲ್ಲಿ ಜನಜಂಗುಳಿ ಕಡಿಮೆ.

ಪ್ರಶ್ನೆ: ಫೋಟೊ ತೆಗೆದರೆ ತಪ್ಪೇ? ಯಾರಾದರೂ ತಡೆದರೆ ಏನು ಮಾಡಬೇಕು? (ತುಮಕೂರಿನ ವಿದ್ಯಾರ್ಥಿ)

ಉತ್ತರ: 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ವಾಯುನೆಲೆ ‘ನಿಷೇಧಿತ ಸ್ಥಳ’. ದೇಶದ ಭದ್ರತೆಗೆ ಧಕ್ಕೆಯಾಗುವ ಉದ್ದೇಶದಿಂದ ಅದರ ಸುತ್ತ ಸುಳಿಯುವುದು, ನಕ್ಷೆ ಅಥವಾ ಟಿಪ್ಪಣಿ ಮಾಡುವುದು 3ನೇ ಸೆಕ್ಷನ್ ಪ್ರಕಾರ ಅಪರಾಧ. ರಕ್ಷಣಾ ನೆಲೆಯ ವಿಷಯವಾದರೆ 14 ವರ್ಷದವರೆಗೆ ಜೈಲು. ನಿಮ್ಮ ಉದ್ದೇಶ ಹವ್ಯಾಸವೇ ಇರಬಹುದು. ಅದನ್ನು ಠಾಣೆಯಲ್ಲಿ ಕೂತು ಮನವರಿಕೆ ಮಾಡಿಕೊಡುವ ಪಾಡು ಮಾತ್ರ ನಿಮ್ಮದು. ಹಾಗಾಗಿ ಗೇಟು, ಗೋಡೆ, ರೇಡಾರ್, ಹ್ಯಾಂಗರ್, ನೆಲದ ಮೇಲೆ ನಿಂತ ವಿಮಾನ, ಯಾವುದರತ್ತಲೂ ಕ್ಯಾಮೆರಾ ತಿರುಗಿಸಬೇಡಿ. ‘ಛಾಯಾಗ್ರಹಣ ನಿಷೇಧ’ ಬೋರ್ಡ್ ಇರುವಲ್ಲಿ ಮೊಬೈಲೂ ಜೇಬಿನಲ್ಲೇ ಇರಲಿ. ಪ್ರದರ್ಶನವಿಲ್ಲದ ದಿನಗಳಲ್ಲಿ ನೆಲೆಯ ಹತ್ತಿರ ಉದ್ದನೆಯ ಲೆನ್ಸ್ ಹೊರತೆಗೆಯದಿರುವುದೇ ಜಾಣತನ. ಫೋಟೊದ ಹುಚ್ಚು ಇದ್ದವರು ಟಿಕೆಟ್ ಕೊಂಡು ಒಳಗೇ ಹೋಗಲಿ.

ತಡೆದರೆ ಓಡಬೇಡಿ, ವಾದ ಬೇಡ. ಗುರುತಿನ ಚೀಟಿ ಕೊಡಿ, ಕೇಳಿದರೆ ತೆಗೆದದ್ದನ್ನು ತೋರಿಸಿ. ಅವರ ಕಣ್ಣೆದುರು ಅಳಿಸಲು ಹೋಗಬೇಡಿ, ಅದು ಬಚ್ಚಿಟ್ಟಂತೆ ಕಾಣುತ್ತದೆ. ಡ್ರೋನ್ ಮಾತೇ ಬೇಡ: 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ (ಡ್ರೋನ್ ಹಾರಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿರುವ ಜಾಗ) ಹಾರಿಸಲು ಕೇಂದ್ರ ಸರ್ಕಾರದ ಅನುಮತಿಯೇ ಬೇಕು.

ಪ್ರಶ್ನೆ: ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ವಿಮಾನ ಮಾಯ! (ಬೀದರ್)

ಉತ್ತರ: ಸೂರ್ಯಕಿರಣದ ತವರಲ್ಲೇ ಇದ್ದೀರಿ, ಅಭ್ಯಾಸಕ್ಕೆ ಕೊರತೆಯಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮೂರು ಕಿಲೋಮೀಟರ್ ದೂರದ ಸದ್ದು ನಿಮ್ಮನ್ನು ತಲುಪಲು ಒಂಬತ್ತು ಸೆಕೆಂಡು ಬೇಕು. ಗಂಟೆಗೆ 720 ಕಿಲೋಮೀಟರ್ ವೇಗದ ಜೆಟ್ ಅಷ್ಟರಲ್ಲಿ 1.8 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಡ್ಡಲಾಗಿ ಹಾದುಹೋಗುವ ವಿಮಾನವಾದರೆ ಸದ್ದು ಬಂದ ದಿಕ್ಕಿನಿಂದ ಸುಮಾರು 30 ಡಿಗ್ರಿ ಮುಂದೆ ಹುಡುಕಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಮೂರು ಮುಷ್ಟಿ ಅಳೆಯಿರಿ. ಮೊದಲು ಬರಿಗಣ್ಣಲ್ಲಿ ವಿಮಾನ ಹಿಡಿಯಿರಿ, ನೋಟ ಕದಲಿಸದೆ ಬೈನಾಕ್ಯುಲರ್ ಅನ್ನು ಕಣ್ಣಿಗೆ ತನ್ನಿ. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮುಂಗಾಜಿನದು) ಸಾಕು. ಶಕ್ತಿ ಹೆಚ್ಚಿದಷ್ಟೂ ನೋಟದ ಹರವು ಕಿರಿದಾಗಿ ವಿಮಾನ ಕೈತಪ್ಪುತ್ತದೆ.

ಪ್ರಶ್ನೆ: ಮೂರು ವರ್ಷದ ಮಗುವಿನ ಕಿವಿಗೆ ಹತ್ತಿ ಇಟ್ಟರೆ ಸಾಕೇ? (ಯಲಹಂಕ)

ಉತ್ತರ: ಸಾಲದು. ಹತ್ತಿ ತಡೆಯುವ ಸದ್ದು ತೀರಾ ಕಡಿಮೆ. ಆಫ್ಟರ್‌ಬರ್ನರ್ (ಇಂಜಿನ್ನಿನ ಹಿಂಬದಿ ಹೆಚ್ಚುವರಿ ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆ) ಹಾಕಿದ ಜೆಟ್ 30 ಮೀಟರ್‌ನಲ್ಲಿ 140 ಡೆಸಿಬಲ್ ಹತ್ತಿರ ಅಬ್ಬರಿಸುತ್ತದೆ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುವ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೂ 110 ಉಳಿಯಿತು. ಅಷ್ಟು ಸದ್ದನ್ನು ದೊಡ್ಡವರ ಕಿವಿಯೂ ದಿನಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಕೇಳಬಾರದು. ಮಗುವಿಗೆ ಅಳತೆಗೆ ಸರಿಯಾದ ಇಯರ್‌ಮಫ್ ಹಾಕಿ, ಕಿವಿಗೂ ಅದಕ್ಕೂ ನಡುವೆ ಕೂದಲು ಅಥವಾ ಟೋಪಿ ಸಿಕ್ಕಿಕೊಳ್ಳದಂತೆ ನೋಡಿ. ನಿಮಗೆ ಫೋಮ್ ಇಯರ್‌ಪ್ಲಗ್ ಆದೀತು: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಸೇರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹೊಸೆಯದೆ ತುರುಕಿದರೆ ಹೊರಗೇ ಉಳಿಯುತ್ತದೆ.

ಪ್ರಶ್ನೆ: ಟೆರೇಸಿನ ಮೇಲೆ ಊಟ ಕಟ್ಟಿಕೊಂಡು ಹೋಗಬಹುದೇ? (ಜಕ್ಕೂರು)

ಉತ್ತರ: ಹೋಗಿ, ಉಳಿದದ್ದನ್ನು ಮಾತ್ರ ಹೊರಗೆ ಚೆಲ್ಲಬೇಡಿ. ಎಂಜಲಿಗೆ ಹದ್ದು ಬರುತ್ತದೆ, ಹದ್ದು ಇಂಜಿನ್ನಿಗೆ ಸಿಕ್ಕರೆ ವಿಮಾನಕ್ಕೇ ಕುತ್ತು. 2025ರ ಪ್ರದರ್ಶನಕ್ಕೆ ನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟ ನಿಲ್ಲಿಸಿದ್ದು ಇದೇ ಕಾರಣಕ್ಕೆ.